ಮಂಡಿಯ ಲೆಕ್ಕ, ವಿಯೆನ್ನಾದ ಕಾನೂನು

ಚಿಕ್ಕಪ್ಪನಿಂದ ವಾಟ್ಸಾಪ್‌ನಲ್ಲಿ ಆ ಪತ್ರದ ಫೋಟೊ ಬಂದಾಗ ನಾನು ಎಲ್‌ಎಲ್‌.ಬಿ. ಎರಡನೆಯ ಸೆಮಿಸ್ಟರಿನಲ್ಲಿದ್ದೆ, ಮರುದಿನವೇ ಸರಕು ಮಾರಾಟ ಅಧಿನಿಯಮದ ಕಿರುಪರೀಕ್ಷೆಯಿತ್ತು. ಪತ್ರದಲ್ಲಿ ಇದ್ದದ್ದು ಮೂರೇ ಸಾಲು. ಚಿಕ್ಕಪ್ಪನ ದೂರು ತಲುಪುವಲ್ಲಿ ವಿಳಂಬವಾಗಿದೆ, ಒಡಂಬಡಿಕೆಯ 38 ಮತ್ತು 39ನೆಯ ಅನುಚ್ಛೇದಗಳ ಪ್ರಕಾರ ಅವರಿಗೆ ಇನ್ನು ಯಾವ ಹಕ್ಕೂ ಉಳಿದಿಲ್ಲ ಎಂದು ಜರ್ಮನಿಯ ವಕೀಲರೊಬ್ಬರು ಬರೆದಿದ್ದರು. ಕೆಳಗೆ ಚಿಕ್ಕಪ್ಪನ ಪ್ರಶ್ನೆ: "ನೋಡವ್ವಾ, ಇದು ಯಾವ ಕಾನೂನು? ನಿಮ್ಮ ಪುಸ್ತಕದಾಗೆ ಐತಾ?"

ನಮ್ಮ ಪುಸ್ತಕದಲ್ಲಿ ಅದು ಇರಲಿಲ್ಲ. ಅದು ದೇಶದೇಶಗಳ ನಡುವಿನ ಸರಕು ಮಾರಾಟಕ್ಕೆಂದು ವಿಯೆನ್ನಾದಲ್ಲಿ ಆದ ಒಡಂಬಡಿಕೆ ಎಂದು ನನಗೆ ತಿಳಿದದ್ದು ಆಮೇಲೆ. ನಮಗೆ ಪಠ್ಯವಾಗಿದ್ದದ್ದು 1872ರ ಕರಾರು ಅಧಿನಿಯಮ ಮತ್ತು 1930ರ ಸರಕು ಮಾರಾಟ ಅಧಿನಿಯಮ. ಎರಡನೆಯದು ಇಂಗ್ಲೆಂಡಿನ 1893ರ ಕಾಯಿದೆಯ ಅಚ್ಚಿನಲ್ಲಿ ಎರಕ ಹೊಯ್ದದ್ದು. ಚಿಕ್ಕಪ್ಪನಿಗೆ ಮಲೆಬೆನ್ನೂರಿನ ಕಡೆ ಒಂದು ರೈಸ್ ಮಿಲ್ ಇದೆ. ಅಕ್ಕಿಯನ್ನು ಐದು ಮತ್ತು ಹತ್ತು ಕಿಲೋ ಚೀಲಗಳಲ್ಲಿ ತೂಗಿ ತುಂಬುವ ಯಂತ್ರವೊಂದನ್ನು ಅವರು ಜರ್ಮನಿಯ ಒಂದು ಕಂಪನಿಯಿಂದ ತರಿಸಿದ್ದರು. ಯಂತ್ರ ಚೆನ್ನೈ ಬಂದರಿಗೆ ಬಂದು, ಲಾರಿಯಲ್ಲಿ ಮಿಲ್ಲಿಗೆ ತಲುಪಿತು. ಆದರೆ ಅದನ್ನು ಕೂರಿಸಬೇಕಾಗಿದ್ದ ಷೆಡ್ಡಿನ ನೆಲಕ್ಕೆ ಇನ್ನೂ ಕಾಂಕ್ರೀಟ್ ಬಿದ್ದಿರಲಿಲ್ಲ. ಅಷ್ಟರಲ್ಲಿ ಭತ್ತದ ಸುಗ್ಗಿ ಬಂತು, ಕೆಲಸದವರು ಬೇರೆ ಕಡೆ ಹೋದರು, ಮರದ ಪೆಟ್ಟಿಗೆಗಳು ಟಾರ್ಪಾಲಿನ ಕೆಳಗೆ ನಾಲ್ಕು ತಿಂಗಳು ಹಾಗೆಯೇ ಕುಳಿತವು. ಕೊನೆಗೆ ಮೊಳೆ ಕಿತ್ತು ನೋಡಿದಾಗ ತೂಕದ ತಟ್ಟೆ ಕೂರುವ ಎರಕದ ಚೌಕಟ್ಟಿನಲ್ಲಿ ಬೆರಳುದ್ದದ ಬಿರುಕು ಕಂಡಿತು, ಎಂಟು ಸೆನ್ಸರ್‌ಗಳಿರಬೇಕಾದ ಪೆಟ್ಟಿಗೆಯಲ್ಲಿ ಐದೇ ಇದ್ದವು. ಆಗ ಚಿಕ್ಕಪ್ಪ ಕಂಪನಿಗೆ ಪತ್ರ ಬರೆದರು, ಅದಕ್ಕೆ ಬಂದ ಉತ್ತರವೇ ಆ ಮೂರು ಸಾಲು.

ಚಿಕ್ಕಪ್ಪ ಮೊದಲು ಸಲಹೆ ಕೇಳಿದ್ದ ವಕೀಲರು ಧೈರ್ಯ ಹೇಳಿದ್ದರು. ನಮ್ಮ ಕಾನೂನಿನಲ್ಲಿ ಆ ಧೈರ್ಯಕ್ಕೆ ಆಧಾರವೂ ಇದೆ. ಕೊಂಡವನು ಸರಕನ್ನು ಯುಕ್ತ ಅವಧಿಗಿಂತ ಹೆಚ್ಚು ಕಾಲ ಸುಮ್ಮನೆ ಇಟ್ಟುಕೊಂಡರೆ ಅದನ್ನು ಅಂಗೀಕರಿಸಿದಂತೆ ಎಂದು ಸರಕು ಮಾರಾಟ ಅಧಿನಿಯಮದ 42ನೆಯ ಕಲಂ ಹೇಳುತ್ತದೆ. ಆದರೆ ಅಂಗೀಕರಿಸಿದ ಮಾತ್ರಕ್ಕೆ ಪರಿಹಾರದ ಹಕ್ಕು ಸಾಯುವುದಿಲ್ಲ. ಸರಕನ್ನು ಹಿಂದಿರುಗಿಸಲು ಬಾರದೆ ಹೋಗಬಹುದು, ನಷ್ಟವನ್ನು ಕೇಳಬಹುದು, ಕೇಳಲು ಕಾಲಮಿತಿ ಕಾಯಿದೆ ಮೂರು ವರ್ಷ ಕೊಡುತ್ತದೆ. ನಾಲ್ಕು ತಿಂಗಳು ಯಾವ ಲೆಕ್ಕ? ಈ ತರ್ಕದಲ್ಲಿದ್ದ ತಪ್ಪು ಒಂದೇ: ಕರಾರಿನ ಹನ್ನೊಂದನೆಯ ಪುಟದ ತಳದಲ್ಲಿ ಸಣ್ಣಕ್ಷರದಲ್ಲಿ, ಈ ಕರಾರಿಗೆ ಜರ್ಮನಿಯ ಕಾನೂನು ಅನ್ವಯಿಸತಕ್ಕದ್ದು ಎಂದು ಬರೆದಿತ್ತು.

ಆ ಸಾಲನ್ನು ಓದಿದ ಯಾರಾದರೂ ಜರ್ಮನಿಯವರ ಸಿವಿಲ್ ಸಂಹಿತೆಯನ್ನು ಹುಡುಕಿ ಹೊರಡುತ್ತಾರೆ. ನಾನೂ ಹಾಗೆಯೇ ಹೊರಟೆ, ಎರಡು ದಿನ ವ್ಯರ್ಥವಾಯಿತು. ಗಡಿಯಾಚೆಯ ಸರಕು ಮಾರಾಟಕ್ಕೆ ಜರ್ಮನಿಯ ಕಾನೂನು ಎಂದರೆ, ಬೇರೆ ಮಾತು ಆಡಿಲ್ಲದಿದ್ದರೆ, 1980ರ ಏಪ್ರಿಲ್ 11ರಂದು ವಿಯೆನ್ನಾದಲ್ಲಿ ಅಂಗೀಕಾರವಾದ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಸರಕು ಮಾರಾಟ ಕರಾರುಗಳ ಒಡಂಬಡಿಕೆ. ಅದು 1988ರ ಜನವರಿ 1ರಂದು ಜಾರಿಗೆ ಬಂತು, ಜರ್ಮನಿಯಲ್ಲಿ 1991ರಿಂದ ಆ ದೇಶದ ಕಾನೂನಿನ ಭಾಗವಾಗಿಯೇ ಇದೆ. ತೊಂಬತ್ತಕ್ಕೂ ಹೆಚ್ಚು ರಾಷ್ಟ್ರಗಳು ಅದಕ್ಕೆ ಸೇರಿವೆ. ಅಮೆರಿಕ, ಚೀನಾ, ಜಪಾನ್, ದಕ್ಷಿಣ ಕೊರಿಯಾ, ವಿಯೆಟ್ನಾಂ ಎಲ್ಲವೂ ಅದರಲ್ಲಿವೆ. ಭಾರತ ಸೇರಿಲ್ಲ, ಇಂಗ್ಲೆಂಡ್ ಕೂಡ ಸೇರಿಲ್ಲ. ಸೇರದ ದೇಶದ ವ್ಯಾಪಾರಿಗೆ ಅದು ತಗಲುವುದಿಲ್ಲ ಎಂಬುದು ನಮ್ಮ ತರಗತಿಯಲ್ಲಿ ಎಲ್ಲರೂ ನಂಬಿದ್ದ ಮಾತು. ಒಡಂಬಡಿಕೆಯ ಮೊದಲನೆಯ ಅನುಚ್ಛೇದವೇ ಆ ನಂಬಿಕೆಯನ್ನು ಒಡೆಯುತ್ತದೆ. ಎರಡೂ ಕಡೆಯವರ ದೇಶಗಳು ಸದಸ್ಯರಾಗಿರುವುದು ಅದರ ಒಂದು ಬಾಗಿಲು ಮಾತ್ರ. ಖಾಸಗಿ ಅಂತರರಾಷ್ಟ್ರೀಯ ಕಾನೂನಿನ ನಿಯಮಗಳು, ಅಂದರೆ ಗಡಿಯಾಚೆಯ ವ್ಯಾಜ್ಯಕ್ಕೆ ಯಾವ ದೇಶದ ಕಾನೂನು ಎಂದು ಹೇಳುವ ನಿಯಮಗಳು, ಒಂದು ಸದಸ್ಯ ರಾಷ್ಟ್ರದ ಕಾನೂನಿನತ್ತ ಬೆರಳು ತೋರಿಸಿದರೂ ಒಡಂಬಡಿಕೆ ಅನ್ವಯವಾಗುತ್ತದೆ, ಅದು ಎರಡನೆಯ ಬಾಗಿಲು. ಚಿಕ್ಕಪ್ಪ ಸಹಿ ಹಾಕಿ ಒಳಹೊಕ್ಕದ್ದು ಈ ಎರಡನೆಯ ಬಾಗಿಲಿನಿಂದ.

ಈ ಬಾಗಿಲಿಗೂ ಒಂದು ಅಗುಳಿ ಇದೆ. 95ನೆಯ ಅನುಚ್ಛೇದದಡಿ ಒಂದು ದೇಶ ಎರಡನೆಯ ಬಾಗಿಲನ್ನು ತನ್ನ ಮಟ್ಟಿಗೆ ಮುಚ್ಚಿಕೊಳ್ಳಬಹುದು. ಚೀನಾ, ಅಮೆರಿಕ, ಸಿಂಗಪುರ ಹಾಗೆ ಮಾಡಿವೆ. ಅದೇ ಯಂತ್ರ ಚೀನಾದಿಂದ ಬಂದು, ಅದೇ ಸಾಲಿನಲ್ಲಿ ಚೀನಾದ ಕಾನೂನು ಎಂದಿದ್ದರೆ ಉತ್ತರ ಬಹುಶಃ ಬೇರೆಯಾಗುತ್ತಿತ್ತು. ಮಾರುವವನು ನಾವಾದರೆ ಚಿತ್ರ ಇನ್ನೊಮ್ಮೆ ತಿರುಗುತ್ತದೆ. ಕರಾರಿನಲ್ಲಿ ಯಾವ ಕಾನೂನನ್ನೂ ಹೆಸರಿಸದೆ ವ್ಯಾಜ್ಯ ಜರ್ಮನಿಯ ನ್ಯಾಯಾಲಯಕ್ಕೆ ಹೋದರೆ, ಐರೋಪ್ಯ ಒಕ್ಕೂಟದ ನಿಯಮ ಮಾರಾಟಗಾರನ ನೆಲೆಯ ಕಾನೂನನ್ನು ನೋಡು ಎನ್ನುತ್ತದೆ. ದಾವಣಗೆರೆಯ ಮಾರಾಟಗಾರನಿಗೆ ಆಗ ಜರ್ಮನಿಯಲ್ಲಿಯೂ 1930ರ ಕಾಯಿದೆಯೇ ಗತಿ. ಬೇಡವೆನಿಸಿದರೆ 6ನೆಯ ಅನುಚ್ಛೇದದಂತೆ ಒಡಂಬಡಿಕೆಯನ್ನೇ ಕರಾರಿನಿಂದ ಹೊರಗಿಡಬಹುದು. ಹಾಗೆ ಬರೆಯಲು ಒಂದು ಸಾಲು ಸಾಕು, ಆದರೆ ಅದು ಬೇಕೆಂದು ಗೊತ್ತಿರಬೇಕಲ್ಲ.

ಇನ್ನು 38 ಮತ್ತು 39. ಕೊಂಡವನು ಪರಿಸ್ಥಿತಿಯಲ್ಲಿ ಸಾಧ್ಯವಾದಷ್ಟು ಬೇಗ ಸರಕನ್ನು ಪರೀಕ್ಷಿಸಬೇಕು. ದೋಷವನ್ನು ಕಂಡ ಮೇಲೆ, ಅಥವಾ ಕಾಣಬೇಕಾಗಿದ್ದ ಹೊತ್ತಿನಿಂದ, ಯುಕ್ತ ಅವಧಿಯೊಳಗೆ, ದೋಷ ಇಂಥದ್ದು ಎಂದು ಬಿಡಿಸಿ ಮಾರಿದವನಿಗೆ ತಿಳಿಸಬೇಕು. ತಿಳಿಸದಿದ್ದರೆ ಆ ದೋಷದ ಮಾತನ್ನೇ ಎತ್ತುವಂತಿಲ್ಲ, ಹೊರಗೆ ಕಾಣದ ದೋಷವಾದರೂ ಎರಡು ವರ್ಷ ದಾಟುವಂತಿಲ್ಲ. ನಮ್ಮ ಕಾಯಿದೆಯಲ್ಲಿ ತಡ ಮಾಡಿದವನು ಒಂದು ಹಕ್ಕನ್ನು ಕಳೆದುಕೊಂಡು ಇನ್ನೊಂದನ್ನು ಉಳಿಸಿಕೊಳ್ಳುತ್ತಾನೆ. ಇಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಯುಕ್ತ ಅವಧಿ ಎಂದರೆ ಎಷ್ಟು ದಿನ ಎಂಬುದಕ್ಕೆ ದೇಶದೇಶದ ನ್ಯಾಯಾಲಯಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಕೊಳೆಯುವ ಹಣ್ಣಿಗೆ ದಿನಗಳ ಲೆಕ್ಕ, ಯಂತ್ರಕ್ಕೆ ವಾರಗಳ ಲೆಕ್ಕ. ಒಂದು ತಿಂಗಳೆಂದರೆ ಧಾರಾಳ ಎಂಬ ಭಾವನೆ ಜರ್ಮನಿಯ ತೀರ್ಪುಗಳಲ್ಲಿ ಕಾಣುತ್ತದೆ. ಷೆಡ್ಡಿನ ಕಾಂಕ್ರೀಟಿಗೆ ಕಾಯುತ್ತಿದ್ದೆ ಎಂಬುದನ್ನು 44ನೆಯ ಅನುಚ್ಛೇದ ಹೇಳುವ "ಯುಕ್ತ ಸಬೂಬು" ಎಂದು ಒಪ್ಪಿಸುವುದು ಕಷ್ಟ, ಏಕೆಂದರೆ ಪೆಟ್ಟಿಗೆಯ ಮುಚ್ಚಳ ತೆಗೆಯಲು ಷೆಡ್ಡು ಬೇಕಿರಲಿಲ್ಲ.

ಈ ನಿಯಮ ಕಠಿಣ ಎಂದು ನಾನು ಮನೆಯಲ್ಲಿ ಹೇಳಿದಾಗ ಅಪ್ಪನಿಗೆ ಅದರಲ್ಲಿ ಕಠಿಣವಾದದ್ದೇನೂ ಕಾಣಲಿಲ್ಲ. ಅಪ್ಪ ದಾವಣಗೆರೆಯ ಎಪಿಎಂಸಿಯ ಒಂದು ದಲ್ಲಾಳಿ ಮಂಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಲೆಕ್ಕ ಬರೆಯುತ್ತಿದ್ದಾರೆ. ಮೆಕ್ಕೆಜೋಳದ ರಾಶಿಯ ಮುಂದೆ ಖರೀದಿದಾರ ಬಂದರೆ ಮೊದಲು ಕೈಯನ್ನು ಮೊಣಕೈವರೆಗೆ ಒಳಗೆ ಹಾಕಿ ಅಡಿಯ ಕಾಳನ್ನು ತೆಗೆಯುತ್ತಾನೆ, ಮೂಸುತ್ತಾನೆ, ಒಂದನ್ನು ಹಲ್ಲಿನಲ್ಲಿ ಕಡಿದು ನೋಡುತ್ತಾನೆ. ಚೀಲವಾದರೆ ಚೂಪು ತುದಿಯ ಕಬ್ಬಿಣದ ಕೊಳವೆ ಚುಚ್ಚಿ ನಡುವಿನ ಕಾಳು ಎಳೆಯುತ್ತಾನೆ. ತೇವ ಜಾಸ್ತಿಯಿದ್ದರೆ, ಬೂಜು ಹಿಡಿದಿದ್ದರೆ ಅಲ್ಲೇ, ಆಗಲೇ ಹೇಳಬೇಕು. ತೂಕವಾಗಿ, ಹಮಾಲರು ಚೀಲ ಹೊಲಿದು, ಲಾರಿ ಯಾರ್ಡಿನ ಗೇಟು ದಾಟಿದ ಮೇಲೆ ಕಾಳು ಸರಿಯಿಲ್ಲ ಎಂದು ಬಂದವನ ಮಾತನ್ನು ಮಂಡಿಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. "ನಾಲ್ಕು ತಿಂಗಳು ಬಿಟ್ಟು ಬಂದ್ರೆ ಯಾರು ಕೊಡ್ತಾರೆ?" ಎಂದು ಅಪ್ಪ ಕೇಳಿದರು, ತಮ್ಮನ ಪರವಾಗಿ ಅಲ್ಲ, ಜರ್ಮನಿಯವನ ಪರವಾಗಿ.

ಆ ದಿನದಿಂದ ಒಡಂಬಡಿಕೆಯನ್ನು ನಾನು ಓದುವ ರೀತಿ ಬದಲಾಯಿತು. ವಿದೇಶದ ಕಾನೂನು ಎಂದು ದೂರ ನಿಲ್ಲಿಸಿ ಓದುತ್ತಿದ್ದಾಗ ತಲೆಗೆ ಹತ್ತದ ಅನುಚ್ಛೇದಗಳು, ಮಂಡಿಯ ಕಟ್ಟೆಯ ಮೇಲೆ ಕುಳಿತು ಓದಿದಾಗ ಪರಿಚಿತವಾಗಿ ಕಂಡವು. ವಿಯೆನ್ನಾದ ಸಮ್ಮೇಳನಕ್ಕೆ 62 ರಾಷ್ಟ್ರಗಳ ಪ್ರತಿನಿಧಿಗಳು ಸೇರಿದ್ದರು. ಇಂಗ್ಲಿಷ್ ಪರಂಪರೆಯವರೂ ಫ್ರೆಂಚ್ ಪರಂಪರೆಯವರೂ ಸಮಾಜವಾದಿ ದೇಶದವರೂ ಒಪ್ಪುವ ಭಾಷೆ ಬೇಕಾದ್ದರಿಂದ ಅವರು ವಕೀಲರ ಪಾರಿಭಾಷಿಕ ಪದಗಳನ್ನು ಆದಷ್ಟು ಬಿಟ್ಟು ಸರಕು, ಸಾಗಣೆ, ಬೆಲೆ, ನೋಟಿಸು ಎಂಬ ವ್ಯಾಪಾರದ ಮಾತಿನಲ್ಲಿಯೇ ಬರೆದರು. ಮುರಿದರೆ ಕರಾರನ್ನೇ ಬಿಡಬಹುದಾದದ್ದು ಷರತ್ತು, ಮುರಿದರೆ ನಷ್ಟವನ್ನು ಮಾತ್ರ ಕೇಳಬಹುದಾದದ್ದು ವಾರಂಟಿ ಎಂದು ನಮ್ಮ ಕಾಯಿದೆ ಮಾಡುವ ಭೇದ, ಪರೀಕ್ಷೆಗೆ ನಾವು ಬಾಯಿಪಾಠ ಮಾಡುವ ಭೇದ, ಅದರಲ್ಲಿಲ್ಲ. ಅದು ಕೇಳುವುದು, ಉಲ್ಲಂಘನೆಯಿಂದ ಎದುರಿನವನಿಗೆ ಕರಾರಿನಿಂದ ಸಿಗಬೇಕಾದದ್ದೇ ಬಹುಮಟ್ಟಿಗೆ ತಪ್ಪಿಹೋಯಿತೇ ಎಂದು. ತಪ್ಪಿಹೋಗಿದ್ದರೆ, ಅದೂ ಮೊದಲೇ ಊಹಿಸಬಹುದಾಗಿದ್ದರೆ, ಕರಾರನ್ನು ಮುರಿದುಕೊಳ್ಳಬಹುದು. ಇದನ್ನು ಕನ್ನಡದಲ್ಲಿ ಬರೆಯುವಾಗ ನನ್ನ ಸಹಪಾಠಿಗಳು "ಶೂನ್ಯ", "ಅನೂರ್ಜಿತ" ಎಂಬ ಪದಗಳಿಗೆ ಕೈಹಾಕಿ ಅರ್ಥ ಕೆಡಿಸುತ್ತಾರೆ. ಆ ಪದಗಳು ಹುಟ್ಟಿನಲ್ಲಿಯೇ ಕೆಟ್ಟ ಕರಾರಿಗೆ ಸಲ್ಲುವಂಥವು. ಚೆನ್ನಾಗಿ ಹುಟ್ಟಿ ಆಮೇಲೆ ಕೆಟ್ಟದ್ದಕ್ಕೆ ಮಂಡಿಯ ಮಾತೇ ಸರಿ: ವ್ಯಾಪಾರ ಮುರಿಯಿತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 50ನೆಯ ಅನುಚ್ಛೇದ. ಸರಕು ಹೇಳಿದಂತಿಲ್ಲದಿದ್ದರೆ ಕೊಂಡವನು ಬೆಲೆಯನ್ನು ತಾನೇ ಇಳಿಸಿಕೊಳ್ಳಬಹುದು ಎನ್ನುತ್ತದೆ ಅದು. ಮೆಕ್ಕೆಜೋಳದ ತೇವಾಂಶ ಶೇ 14 ದಾಟಿದರೆ ದರ ಕಡಿಯುವ ಮಂಡಿಗೆ ಇದೇನು ಹೊಸ ಸಂಗತಿ ಎನಿಸಬಹುದು, ನಮ್ಮ ಕಾಯಿದೆಯ 59ನೆಯ ಕಲಂ ಕೂಡ ವಾರಂಟಿ ಉಲ್ಲಂಘನೆಯ ಮೊತ್ತವನ್ನು ಬೆಲೆಯಲ್ಲಿ ಕಳೆಯಲು ಬಿಡುತ್ತದೆ. ವ್ಯತ್ಯಾಸವಿರುವುದು ಲೆಕ್ಕದಲ್ಲಿ, ಅದನ್ನು ನನಗೆ ಬಿಡಿಸಿಕೊಟ್ಟದ್ದು ಅಪ್ಪನ ಕ್ಯಾಲ್ಕುಲೇಟರ್. ಕ್ವಿಂಟಲಿಗೆ 2,000 ರೂಪಾಯಿಗೆ ಮಾತಾಗಿದೆ ಎನ್ನಿ. ಕಾಳು ಬರುವ ಹೊತ್ತಿಗೆ ಪೇಟೆ ಕುಸಿದು ಒಳ್ಳೆಯ ಕಾಳಿಗೆ 1,600 ಆಗಿದೆ, ಬಂದ ತೇವದ ಕಾಳಿಗೆ 1,200 ಮಾತ್ರ. ನಷ್ಟ ಪರಿಹಾರದ ಲೆಕ್ಕದಲ್ಲಿ ಒಳ್ಳೆಯದಕ್ಕೂ ಬಂದದ್ದಕ್ಕೂ ಇರುವ ಅಂತರ 400. 2,000ದಲ್ಲಿ ಅದನ್ನು ಕಳೆದರೆ ಕೊಂಡವನು ಕೊಡಬೇಕಾದದ್ದು 1,600. ಒಡಂಬಡಿಕೆ ಅಂತರವನ್ನು ಕಳೆಯುವುದಿಲ್ಲ, ಪ್ರಮಾಣವನ್ನು ನೋಡುತ್ತದೆ: 1,600ಕ್ಕೆ 1,200 ಎಂದರೆ ಮುಕ್ಕಾಲು, ಆದ್ದರಿಂದ 2,000ದ ಮುಕ್ಕಾಲು 1,500 ಕೊಟ್ಟರೆ ಸಾಕು. ಪೇಟೆ ಏರಿದ್ದರೆ ಲೆಕ್ಕ ಬುಡಮೇಲಾಗುತ್ತದೆ. ಒಳ್ಳೆಯ ಕಾಳಿಗೆ 2,400, ತೇವದ್ದಕ್ಕೆ 1,800 ಆಗಿದ್ದರೆ ಪ್ರಮಾಣ ಆಗಲೂ ಮುಕ್ಕಾಲೇ, ಕೊಡಬೇಕಾದದ್ದು ಅದೇ 1,500; ಪರಿಹಾರದ ಹಾದಿಯಲ್ಲಿ ಹೋದವನು 600 ಕಳೆದು 1,400 ಮಾತ್ರ ಕೊಡುತ್ತಾನೆ. ಅಂದರೆ ಇಳಿಯುವ ಪೇಟೆಯಲ್ಲಿ 50ನೆಯ ಅನುಚ್ಛೇದ ಲಾಭ, ಏರುವ ಪೇಟೆಯಲ್ಲಿ ಪರಿಹಾರ ಲಾಭ. ಅಪ್ಪ ಎರಡು ಸಲ ಕೂಡಿ ಕಳೆದು ನೋಡಿ, "ಇದನ್ನ ಬರೆದೋನು ಯಾಪಾರಸ್ಥನೇ ಇರಬೇಕು" ಎಂದರು. ಬರೆದವರು ಪ್ರಾಧ್ಯಾಪಕರು, ಮತ್ತು ಈ ಹಕ್ಕಿನ ಬೇರು ರೋಮನ್ ಕಾನೂನಿನಲ್ಲಿದೆ. ಗುಲಾಮರನ್ನೂ ದನಕರುಗಳನ್ನೂ ಮಾರುತ್ತಿದ್ದ ಸಂತೆಗಳಿಂದ ಬಂದದ್ದು. ಹಾಗಾಗಿ ಅಪ್ಪನ ಊಹೆ ಪೂರ್ತಿ ತಪ್ಪೂ ಅಲ್ಲ.

ಕರಾರು ಯಾವಾಗ, ಎಲ್ಲಿ ಹುಟ್ಟುತ್ತದೆ ಎಂಬ ಪ್ರಶ್ನೆಯನ್ನೂ ನಾವು ತರಗತಿಯಲ್ಲಿ ಹಿಂಡಿಯ ಮೂಲಕವೇ ಕಲಿತೆವು. ಅಹಮದಾಬಾದಿನ ವ್ಯಾಪಾರಿಯೊಬ್ಬರು ಖಾಮಗಾಂವದವರೊಂದಿಗೆ ಹತ್ತಿಕಾಳಿನ ಹಿಂಡಿಗೆ ಫೋನಿನಲ್ಲಿ ಮಾತು ಮುಗಿಸಿದರು, ಮಾಲು ಬರಲಿಲ್ಲ, ದಾವೆ ಎಲ್ಲಿ ಹೂಡಬೇಕೆಂಬ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಒಪ್ಪಿಗೆಯ ಮಾತು ಕಿವಿಗೆ ಬಿದ್ದ ಊರಿನಲ್ಲಿ, ಅಂದರೆ ಅಹಮದಾಬಾದಿನಲ್ಲಿ, ಕರಾರು ಆಯಿತೆಂದು 1965ರಲ್ಲಿ ಬಹುಮತದ ತೀರ್ಪು ಬಂತು. ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಅದನ್ನು ಒಪ್ಪದೆ ಪ್ರತ್ಯೇಕವಾಗಿ ಬರೆದರು. ಹತ್ತಿ ಗಿರಣಿಗಳಿಂದ ಬೆಳೆದ, ಹಿಂಡಿ ತಿಂದ ಎಮ್ಮೆಗಳ ಬೆಣ್ಣೆಯಿಂದ ಹೆಸರಾದ ಈ ಊರಿನಲ್ಲಿ ಆ ತೀರ್ಪನ್ನು ಮರೆಯುವ ವಿದ್ಯಾರ್ಥಿ ಇಲ್ಲ. ಅಂಚೆಯಲ್ಲಿ ಹೋಗುವ ಒಪ್ಪಿಗೆಗೆ ಮಾತ್ರ ನಮ್ಮಲ್ಲಿ ಇಂದಿಗೂ ಬೇರೆ ನಿಯಮ: ಪತ್ರ ಡಬ್ಬಿಗೆ ಬಿದ್ದರೆ ಪ್ರಸ್ತಾವ ಮಾಡಿದವನು ಬದ್ಧ. ಒಡಂಬಡಿಕೆಗೆ ಈ ಎರಡು ದಾರಿ ಇಲ್ಲ, ಒಪ್ಪಿಗೆ ಹೇಗೆ ಬಂದರೂ ತಲುಪಿದಾಗಲೇ ಅದಕ್ಕೆ ಜೀವ. ಆದರೂ ಒಪ್ಪಿಗೆಯನ್ನು ಕಳುಹಿಸಿದ ಮೇಲೆ ಪ್ರಸ್ತಾವವನ್ನು ಹಿಂತೆಗೆಯುವಂತಿಲ್ಲ ಎಂದು 16ನೆಯ ಅನುಚ್ಛೇದದಲ್ಲಿ ಅಂಚೆ ನಿಯಮದ ಒಂದು ತುಂಡನ್ನು ಉಳಿಸಿಕೊಂಡಿದೆ. ರಾಜಿಯಲ್ಲಿ ಹುಟ್ಟಿದ ಪಠ್ಯದಲ್ಲಿ ಇಂಥ ಹೊಲಿಗೆಗಳು ಅಲ್ಲಲ್ಲಿ ಕಾಣುತ್ತವೆ.

ನಮ್ಮ ಸೀಮೆಗೆ ನೇರವಾಗಿ ತಟ್ಟುವ ತೀರ್ಪೊಂದನ್ನು ಹೇಳಲೇಬೇಕು. ಸ್ವಿಟ್ಜರ್ಲೆಂಡಿನ ಮಾರಾಟಗಾರ ತಿನ್ನುವ ನ್ಯೂಜಿಲೆಂಡಿನ ಕಡಲಚಿಪ್ಪುಗಳನ್ನು ಜರ್ಮನಿಯವನಿಗೆ ಮಾರಿದ. ಚಿಪ್ಪಿನಲ್ಲಿದ್ದ ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹ ಜರ್ಮನಿಯ ಆರೋಗ್ಯ ಇಲಾಖೆಯ ಸಲಹಾ ಮಟ್ಟಕ್ಕಿಂತ ಹೆಚ್ಚಿತ್ತು, ಕೊಂಡವನು ಹಣ ಕೊಡಲಿಲ್ಲ. ಜರ್ಮನಿಯ ಸರ್ವೋಚ್ಚ ನ್ಯಾಯಾಲಯ 1995ರ ಮಾರ್ಚ್ 8ರಂದು ಕೊಂಡವನ ವಿರುದ್ಧ ತೀರ್ಪಿತ್ತಿತು. ಕೊಳ್ಳುವವನ ದೇಶದ ವಿಶೇಷ ನಿಯಮಗಳು ಮಾರುವವನಿಗೆ ಗೊತ್ತಿರಬೇಕೆಂದು ಸಾಮಾನ್ಯವಾಗಿ ನಿರೀಕ್ಷಿಸುವಂತಿಲ್ಲ. ಅದೇ ನಿಯಮ ಮಾರುವವನ ದೇಶದಲ್ಲೂ ಇದ್ದರೆ, ಕೊಳ್ಳುವವನು ಮೊದಲೇ ತಿಳಿಸಿದ್ದರೆ, ಅಥವಾ ವಿಶೇಷ ಸಂದರ್ಭವಿದ್ದರೆ ಮಾತು ಬೇರೆ. ಚಳ್ಳಕೆರೆಯ ಶೇಂಗಾ ವ್ಯಾಪಾರಿಗೆ ಇದು ಕಥೆಯಲ್ಲ. ನೇರವಾಗಿ ತಿನ್ನುವ ಶೇಂಗಾದಲ್ಲಿ ಒಟ್ಟು ಅಫ್ಲಾಟಾಕ್ಸಿನ್ ಕಿಲೋಗೆ 4 ಮೈಕ್ರೊಗ್ರಾಂ ಮೀರಬಾರದು ಎಂಬುದು ಯುರೋಪಿನ ಮಿತಿ, ಒಣಗಿಸುವಾಗ ಒಂದು ಮಳೆ ಬಿದ್ದರೆ ಬೂಜಿನ ವಿಷ ಅದನ್ನು ದಾಟಬಹುದು. ಆದರೆ ಈ ತೀರ್ಪನ್ನು ಗುರಾಣಿಯೆಂದು ನಂಬಿ ಕೂರುವುದು ನನಗೆ ಸರಿ ಕಾಣುವುದಿಲ್ಲ. ಯುರೋಪಿಗೆ ವರ್ಷಗಳಿಂದ ಮಾರುತ್ತ ಬಂದವನು ಆ ಮಿತಿ ನನಗೆ ಗೊತ್ತಿರಲಿಲ್ಲ ಎಂದರೆ, ಅದೇ "ವಿಶೇಷ ಸಂದರ್ಭ" ಅವನ ವಿರುದ್ಧ ತಿರುಗುತ್ತದೆ.

ಸಾಗಣೆಯ ಅಪಾಯದ ವಿಷಯದಲ್ಲಿ ಇಲ್ಲಿಯ ವ್ಯಾಪಾರಿಗಳಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಸಿಐಎಫ್ ದರ ಎಂದರೆ ವಿಮೆ, ಹಡಗಿನ ಬಾಡಿಗೆ ಎಲ್ಲ ಮಾರುವವನದು, ಆದ್ದರಿಂದ ಆ ಬದಿಯ ಬಂದರಿನವರೆಗೆ ಹೊಣೆಯೂ ಅವನದೇ ಎಂದು ಅನೇಕರು ತಿಳಿದಿದ್ದಾರೆ. ಖರ್ಚು ಅವನದು, ಹೊಣೆಯಲ್ಲ; ಸರಕು ಹೊರಡುವ ಬಂದರಿನಲ್ಲಿ ಹಡಗನ್ನೇರಿದ ಕೂಡಲೇ ಅಪಾಯ ಕೊಳ್ಳುವವನ ತಲೆಗೆ ಹೋಗುತ್ತದೆ. ಇಂಥ ಯಾವ ಪದವನ್ನೂ ಬಳಸದೆ, ಯಾವ ಜಾಗದಲ್ಲಿ ಒಪ್ಪಿಸಬೇಕೆಂದೂ ಹೇಳದೆ ಬಿಟ್ಟರೆ ಒಡಂಬಡಿಕೆಯ 67ನೆಯ ಅನುಚ್ಛೇದ ಇನ್ನೂ ಮುಂಚೆ ಗೆರೆ ಎಳೆಯುತ್ತದೆ: ಮೊದಲ ಸಾಗಣೆದಾರನ ಕೈಗೆ ಕೊಟ್ಟಾಗ. ದಾವಣಗೆರೆಯಲ್ಲಿ ಲಾರಿ ಆಫೀಸಿನವರಿಗೆ ಒಪ್ಪಿಸಿದ ಮಾಲು ಹಿರಿಯೂರಿನ ಬಳಿ ಪಲ್ಟಿಯಾದರೆ, ಹಡಗನ್ನೇ ಕಾಣದ ಆ ಮಾಲಿನ ನಷ್ಟ ಸಾವಿರಾರು ಮೈಲಿ ದೂರದ ಕೊಳ್ಳುವವನದು.

ಚಿಕ್ಕಪ್ಪನ ಪ್ರಕರಣ ನ್ಯಾಯಾಲಯಕ್ಕೆ ಹೋಗಲಿಲ್ಲ. ನ್ಯೂಯಾರ್ಕ್ ರಾಜ್ಯದ ಪೇಸ್ ವಿಶ್ವವಿದ್ಯಾಲಯದವರು ಈ ಒಡಂಬಡಿಕೆಯ ತೀರ್ಪುಗಳನ್ನು ಇಂಗ್ಲಿಷಿಗೆ ತಂದು ಉಚಿತವಾಗಿ ಇಟ್ಟಿರುವ ಭಂಡಾರದಲ್ಲಿ ಹುಡುಕುತ್ತ ಹೋದಾಗ ನನಗೆ 40ನೆಯ ಅನುಚ್ಛೇದ ಎದುರಾಯಿತು. ದೋಷ ಮಾರುವವನಿಗೆ ಗೊತ್ತಿದ್ದು, ಅಥವಾ ಗೊತ್ತಿಲ್ಲದಿರಲು ಸಾಧ್ಯವೇ ಇಲ್ಲದೆ, ಅವನು ಅದನ್ನು ಹೇಳದೆ ಇದ್ದಿದ್ದರೆ ಕೊಂಡವನ ವಿಳಂಬವನ್ನು ಅವನು ಮುಂದೊಡ್ಡುವಂತಿಲ್ಲ. ಚಿಕ್ಕಪ್ಪನ ಕಡತದಲ್ಲಿ ಪೆಟ್ಟಿಗೆಯ ಜೊತೆ ಬಂದ ಪ್ಯಾಕಿಂಗ್ ಪಟ್ಟಿ ಇತ್ತು. ಅದರಲ್ಲಿ ಕಂಪನಿಯವರೇ ತಮ್ಮ ಕೈಯಾರೆ ಸೆನ್ಸರ್ 5 ಎಂದು ಬರೆದಿದ್ದರು. ಕರಾರಿನಲ್ಲಿ 8 ಇತ್ತು. ಎರಡೂ ಕಾಗದದ ಪ್ರತಿ ಲಗತ್ತಿಸಿ, 40ನೆಯ ಅನುಚ್ಛೇದವನ್ನು ಉಲ್ಲೇಖಿಸಿ ಮತ್ತೊಂದು ಪತ್ರ ಹೋಯಿತು. ಆರು ವಾರದಲ್ಲಿ ಮೂರು ಸೆನ್ಸರ್‌ಗಳು ಕೊರಿಯರ್‌ನಲ್ಲಿ ಬಂದವು. ಬಿರುಕಿನ ಮಾತಿಗೆ ಉತ್ತರ ಬರಲಿಲ್ಲ. ಅದು ಕಾರ್ಖಾನೆಯಲ್ಲಿ ಆದದ್ದೋ ದಾರಿಯಲ್ಲಿ ಆದದ್ದೋ ಟಾರ್ಪಾಲಿನ ಕೆಳಗೆ ಆದದ್ದೋ ಎಂದು ತೋರಿಸಲು ನಮ್ಮಲ್ಲಿ ಒಂದು ಫೋಟೊ ಕೂಡ ಇರಲಿಲ್ಲ. ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಚೌಕಟ್ಟಿಗೆ ಪಟ್ಟಿ ಕೊಟ್ಟು ಬೆಸುಗೆ ಹಾಕಿಸಿದರು, ಯಂತ್ರ ಈಗಲೂ ಓಡುತ್ತಿದೆ.

ಈಗ ಕೊನೆಯ ವರ್ಷದಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಕಾನೂನನ್ನು ಓದುತ್ತಿರುವಾಗ ಅಪ್ಪ ಆಗಾಗ ಒಂದೊಂದು ಪ್ರಶ್ನೆ ಎಸೆಯುತ್ತಾರೆ. ಮೊನ್ನೆ ಕೇಳಿದ್ದು ಹೀಗೆ: ಯಾರ್ಡಿನಲ್ಲಾದರೆ ರಾಶಿ ಕಣ್ಣೆದುರಿಗೆ ಇರುತ್ತದೆ, ಕೈ ಹಾಕಿ ನೋಡಬಹುದು, ಹಡಗಿನಲ್ಲಿ ಹೋಗುವ ಕಾಳಿಗೆ ಕೊಳ್ಳುವವನು ಕೈ ಹಾಕುವುದು ಯಾವಾಗ? 38ನೆಯ ಅನುಚ್ಛೇದದ ಎರಡನೆಯ ಮತ್ತು ಮೂರನೆಯ ಖಂಡಗಳನ್ನು ಓದಿ ಹೇಳಿದೆ: ಕರಾರಿನಲ್ಲಿ ಸಾಗಣೆ ಸೇರಿದ್ದರೆ ಸರಕು ಗುರಿ ತಲುಪುವವರೆಗೆ ಪರೀಕ್ಷೆಯನ್ನು ಮುಂದೂಡಬಹುದು, ಕೊಂಡವನು ಅದನ್ನು ದಾರಿಯಲ್ಲಿಯೇ ಇನ್ನೊಂದೂರಿಗೆ ತಿರುಗಿಸಿದರೆ, ಹಾಗೆ ತಿರುಗಿಸಬಹುದೆಂದು ಮಾರಿದವನಿಗೆ ಮೊದಲೇ ಗೊತ್ತಿದ್ದಲ್ಲಿ, ಆ ಊರು ತಲುಪುವವರೆಗೂ ಮುಂದೂಡಬಹುದು. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಹೊರಡುವ ಮುಂಚೆ ತೆಗೆದ ಸ್ಯಾಂಪಲನ್ನು ಮಾರಿದವನೂ ಸೀಲು ಹಾಕಿ ಇಟ್ಟುಕೊಳ್ಳಬೇಕಲ್ಲ ಎಂದರು. ಅದನ್ನು ಯಾವ ಅನುಚ್ಛೇದವೂ ಹೇಳುವುದಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಅವರು ಆ ದಿನದ ಪಟ್ಟಿ ಬರೆಯಲು ಶುರು ಮಾಡಿದ್ದರು.